2147483647: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಂಖ್ಯೆಯನ್ನು ಓದೋದು ಹೇಗೆ? ಇದರಲ್ಲಿ ಅಂಥ ವಿಶೇಷ ಏನಿದೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಒಟ್ಟು ಹತ್ತು ಅಂಕಿ. ಸುಮ್ನೆ ನೋಡಿದರೆ ಯಾರದೋ ಫೋನ್ ನಂಬರ್ ಥರ ಕಾಣುತ್ತದೆ. ಯಾವ ಕ್ರಮವೂ ಕಣ್ಣಿಗೆ ಬೀಳುವುದಿಲ್ಲ.

ಇದನ್ನೇ ಇನ್ನೊಂದು ರೀತಿ ಬರೆದು ನೋಡಿ: 2³¹ − 1. ಅಂದರೆ 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ ಒಂದನ್ನು ಕಳೆಯಬೇಕು. ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ, ಇದು ಹೀಗಿರುತ್ತದೆ:

1111111111 1111111111 1111111111 1

ಸಾಲಾಗಿ 31 ಒಂದುಗಳು, ಅಷ್ಟೇ. ಈ ಸಂಖ್ಯೆಗೆ ಜನ ಹತ್ತಾರು ಹೆಸರು ಕೊಟ್ಟಿದ್ದಾರೆ. ಅವನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಮುಖ್ಯವಾದವು ಬಹುತೇಕ ಈ 31 ಒಂದುಗಳಿಂದಲೇ ಹುಟ್ಟುತ್ತವೆ. ಯಾವುದು ಹೇಗೆ ಹುಟ್ಟುತ್ತದೆ ಅನ್ನುವುದನ್ನು ನೋಡುವುದೇ ನಿಜವಾದ ಖುಷಿ. ಕೆಳಗಿನ ಉತ್ತರಗಳಲ್ಲಿ ನಾನು ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಇದು ಅವಿಭಾಜ್ಯ ಸಂಖ್ಯೆಯೇ?

ಹೌದು. 1 ಮತ್ತು ತಾನೇ, ಇವೆರಡನ್ನು ಬಿಟ್ಟರೆ ಇನ್ಯಾವ ಸಂಖ್ಯೆಯೂ ಇದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. 2ರಿಂದ ಶುರುಮಾಡಿ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುತ್ತಾ ಬಂದರೆ ಇದು 10,50,97,565ನೆಯದು.

ಎಲ್ಲವೂ ಒಂದೇ ಇರುವ ದ್ವಿಮಾನ ಸಂಖ್ಯೆಗಳೆಲ್ಲ ಅವಿಭಾಜ್ಯವೇ?

ಅಲ್ಲ. ನಾಲ್ಕು ಒಂದುಗಳಿದ್ದರೆ 15, ಅದು 3 × 5. ಆರು ಒಂದುಗಳಿದ್ದರೆ 63, ಅದು 7 × 9. ಇಲ್ಲಿ ಒಂದು ಸರಳ ನಿಯಮವಿದೆ. ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಹಂಚಲು ಬಂದರೆ ಆ ಸಂಖ್ಯೆಯೂ ಒಡೆಯುತ್ತದೆ. ಆರು ಒಂದುಗಳನ್ನು ಮೂರು ಮೂರರ ಎರಡು ಗುಂಪು ಮಾಡಬಹುದು. ಹಾಗಾಗಿ 111, ಅಂದರೆ 7, ಅದನ್ನು ಭಾಗಿಸಲೇಬೇಕು.

ಅಂದಮೇಲೆ ಒಂದುಗಳ ಎಣಿಕೆ ಅವಿಭಾಜ್ಯವಾಗಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. 31 ಅವಿಭಾಜ್ಯ, ಸರಿ. ಆದರೆ ಅಷ್ಟೇ ಸಾಲದು. 11 ಕೂಡ ಅವಿಭಾಜ್ಯ. ಆದರೂ 2¹¹ − 1 = 2047 = 23 × 89. ಇಲ್ಲಿಂದ ಮುಂದೆ ಪ್ರತಿ ಸಂಖ್ಯೆಯನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಲೇಬೇಕು. ಅಡ್ಡದಾರಿ ಇಲ್ಲ.

ಮರ್ಸೆನ್ ಸಂಖ್ಯೆ ಅಂತ ಯಾಕೆ ಕರೆಯುತ್ತಾರೆ?

2ರ ಘಾತದಿಂದ ಒಂದು ಕಳೆದರೆ ಬರುವ ಸಂಖ್ಯೆಗಳಿಗೆಲ್ಲ ಮರ್ಸೆನ್ ಸಂಖ್ಯೆ ಅನ್ನುತ್ತಾರೆ. ಮರೆನ್ ಮರ್ಸೆನ್ ಫ್ರಾನ್ಸಿನ ಒಬ್ಬ ಪಾದ್ರಿ. ಆ ಕಾಲದ ದೊಡ್ಡ ದೊಡ್ಡ ಗಣಿತಜ್ಞರಿಗೆಲ್ಲ ಪತ್ರ ಬರೆಯುತ್ತಿದ್ದರು. 1644ರಲ್ಲಿ ಅವರು ಒಂದು ಪಟ್ಟಿ ಕೊಟ್ಟರು. ಘಾತಾಂಕ, ಅಂದರೆ 2³¹ರಲ್ಲಿ 31 ಇರುವ ಜಾಗದ ಸಂಖ್ಯೆ, 257ರವರೆಗೆ ಹೋದರೆ 2, 3, 5, 7, 13, 17, 19, 31, 67, 127, 257 ಇವುಗಳಿಗೆ ಮಾತ್ರ ಅವಿಭಾಜ್ಯ ಸಂಖ್ಯೆ ಸಿಗುತ್ತದೆ ಅಂದರು.

ಪಟ್ಟಿಯಲ್ಲಿ ತಪ್ಪುಗಳಿದ್ದವು. 67 ಮತ್ತು 257 ಅಲ್ಲಿ ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಆದರೆ 31 ಸರಿಯಾಗಿತ್ತು. ಮರ್ಸೆನ್‌ಗೂ ಮುಂಚೆ ಇಟಲಿಯ ಕಟಾಲ್ಡಿ ಅನ್ನುವವರು 17 ಮತ್ತು 19ರ ಸಂಖ್ಯೆಗಳು ಅವಿಭಾಜ್ಯ ಅಂತ ಸರಿಯಾಗಿ ತೋರಿಸಿದ್ದರು. ಜೊತೆಗೆ 23, 29, 31, 37 ಕೂಡ ಅವಿಭಾಜ್ಯ ಕೊಡುತ್ತವೆ ಅಂದಿದ್ದರು. ಅದರಲ್ಲಿ ಉಳಿದುಕೊಂಡದ್ದು 31 ಒಂದೇ. 23ರದ್ದನ್ನು 47 ಭಾಗಿಸುತ್ತದೆ, 29ರದ್ದನ್ನು 233, 37ರದ್ದನ್ನು 223.

ಹೀಗೆ ಬಂದ ಅವಿಭಾಜ್ಯಗಳನ್ನು ಸಾಲಾಗಿ ಬರೆದರೆ 3, 7, 31, 127, 8191, 131071, 524287, 2147483647. ನಮ್ಮದು ಎಂಟನೆಯದು. ಏಳನೆಯದಕ್ಕೂ ಎಂಟನೆಯದಕ್ಕೂ ಎಷ್ಟು ದೊಡ್ಡ ಅಂತರ ನೋಡಿ!

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಸಾಬೀತು ಮಾಡಿದ್ದು ಹೇಗೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇದನ್ನು ಸಾಬೀತು ಮಾಡಿದವರು ಗಣಿತಜ್ಞ ಲಿಯೋನಾರ್ಡ್ ಆಯ್ಲರ್. ಅವರು ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ ಈ ವಿಷಯವಿದೆ. ಅದು 1772ರಲ್ಲಿ ಅಚ್ಚಾಯಿತು.

ಒಂದು ಸಂಖ್ಯೆ ಅವಿಭಾಜ್ಯವೇ ಅಂತ ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. 2147483647ರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ 4792 ಅವಿಭಾಜ್ಯ ಸಂಖ್ಯೆಗಳಿವೆ. ಹತ್ತು ಅಂಕಿಯ ಸಂಖ್ಯೆಯನ್ನು ಕೈಯಲ್ಲಿ ಅಷ್ಟು ಸಲ ಭಾಗಿಸುವುದು ಅಂದರೆ ಯಾರಿಗಾದರೂ ಬೇಸರ ಬರುತ್ತದೆ, ಅಲ್ವಾ? ಆಯ್ಲರ್ ಭಾಗಿಸುವ ಮೊದಲು ಯೋಚನೆ ಮಾಡಿದರು.

ಒಂದು ಅವಿಭಾಜ್ಯ ಸಂಖ್ಯೆ, ಅದನ್ನು 'ಕ' ಅನ್ನೋಣ, 2³¹ − 1 ಅನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಆಗ 2³¹ ಅನ್ನು 'ಕ'ದಿಂದ ಭಾಗಿಸಿದರೆ ಶೇಷ 1. ಇನ್ನೊಂದು ಕಡೆ ಫರ್ಮಾ ಅವರ ಪ್ರಮೇಯ ಇದೆ: 2ರ ಘಾತಾಂಕ ಕ − 1 ಆದಾಗಲೂ ಶೇಷ 1. ಈ ಎರಡನ್ನೂ ಜೋಡಿಸಿ. 31 ಅವಿಭಾಜ್ಯವಾದ್ದರಿಂದ 31ಕ್ಕಿಂತ ಚಿಕ್ಕ ಯಾವ ಘಾತದಲ್ಲೂ ಶೇಷ 1 ಬರಲು ಸಾಧ್ಯವಿಲ್ಲ. ಹಾಗಾಗಿ ಕ − 1 ಅನ್ನು 31 ಭಾಗಿಸಲೇಬೇಕು. 'ಕ' ಬೆಸ ಸಂಖ್ಯೆ, ಆದ್ದರಿಂದ 62 ಕೂಡ ಭಾಗಿಸುತ್ತದೆ. ಅಂದರೆ 62ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. ಮೇಲೆ ಹೇಳಿದ 2047ರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಘಾತಾಂಕ 11, ಭಾಜಕಗಳು 23 ಮತ್ತು 89. ಎರಡೂ 22ರ ಮಗ್ಗಿಗಿಂತ ಒಂದು ಜಾಸ್ತಿ.

ಎರಡನೆಯ ಜರಡಿ ಇನ್ನೂ ಚೆಂದ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅನ್ನುವುದು 2¹⁶ರ ವರ್ಗ. ಅಂದರೆ 'ಕ'ದ ಲೆಕ್ಕದಲ್ಲಿ 2 ಒಂದು ವರ್ಗದ ಹಾಗೆ ನಡೆದುಕೊಳ್ಳುತ್ತಿದೆ. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಯುವ ಅವಿಭಾಜ್ಯಗಳಲ್ಲಿ ಮಾತ್ರ ಇದು ನಡೆಯುತ್ತದೆ.

ಎರಡೂ ಜರಡಿಗಳನ್ನು ಸೇರಿಸಿದರೆ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಉಳಿಯುವ ಸಂಖ್ಯೆಗಳು ಮಾತ್ರ ಉಳಿಯುತ್ತವೆ. 46340ರವರೆಗೆ ಇಂಥವು ಸುಮಾರು 370. ಅದರಲ್ಲೂ ಅವಿಭಾಜ್ಯವಾದವು ನೂರಕ್ಕಿಂತ ಕಡಿಮೆ. ಶುರುವಿನವನ್ನೇ ನೋಡಿ. 63 ಅವಿಭಾಜ್ಯವಲ್ಲ. 249 = 3 × 83, ಬೇಡ. 311 ಅವಿಭಾಜ್ಯ, ಪರೀಕ್ಷಿಸಬೇಕು. 497 = 7 × 71, ಬೇಡ. 559 = 13 × 43, ಅದೂ ಬೇಡ. ಹೀಗೆ ಹೋದರೆ 311 ಆದಮೇಲೆ ಪರೀಕ್ಷಿಸಬೇಕಾದ ಮುಂದಿನ ಸಂಖ್ಯೆ 1303! ನಡುವೆ ಇರುವ ನೂರೈವತ್ತು ಹತ್ತಿರ ಅವಿಭಾಜ್ಯಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

311ರ ಪರೀಕ್ಷೆಯನ್ನು ನೀವೇ ಕೈಯಲ್ಲಿ ಮಾಡಬಹುದು. ಹತ್ತು ಅಂಕಿಯ ಭಾಗಾಕಾರವೂ ಬೇಡ. 2⁸ = 256, ಅಂದರೆ 311ಕ್ಕೆ 55 ಕಡಿಮೆ. ಅದರ ವರ್ಗ 3025. 311ರಿಂದ ಭಾಗಿಸಿದರೆ ಶೇಷ 226, ಅಂದರೆ 311ಕ್ಕೆ 85 ಕಡಿಮೆ. ಇದು 2¹⁶ರ ಶೇಷ. 55 × 85 = 4675, ಅದರ ಶೇಷ 10. ಇದು 2²⁴ರದ್ದು. ಇನ್ನು 2⁷ = 128ರಿಂದ ಗುಣಿಸಿದರೆ 1280, ಶೇಷ 36. ಒಂದು ಕಳೆದರೆ 35. ಸೊನ್ನೆ ಬರಲಿಲ್ಲ, ಹಾಗಾಗಿ 311 ಭಾಜಕವಲ್ಲ. ಉಳಿದ ಎಲ್ಲ ಅಭ್ಯರ್ಥಿಗಳಿಗೂ ಹೀಗೇ ಮಾಡಿದರೆ ಒಂದರಲ್ಲೂ ಸೊನ್ನೆ ಬರುವುದಿಲ್ಲ. ಸಾಬೀತು ಮುಗಿಯಿತು.

ಈಗ ಇದನ್ನು ಪರೀಕ್ಷಿಸುವ ಸುಲಭ ದಾರಿ ಇದೆಯೇ?

ಇದೆ. ಲ್ಯೂಕಾ–ಲೆಹ್ಮರ್ ಪರೀಕ್ಷೆ. ಹತ್ತೊಂಬತ್ತನೇ ಶತಮಾನದಲ್ಲಿ ಎದುವಾರ್ ಲ್ಯೂಕಾ ಇದಕ್ಕೆ ಅಡಿಪಾಯ ಹಾಕಿದರು. 1930ರ ಸುಮಾರಿಗೆ ಡೆರಿಕ್ ಲೆಹ್ಮರ್ ಅದನ್ನು ಈಗಿನ ರೂಪಕ್ಕೆ ತಂದರು.

4ರಿಂದ ಶುರುಮಾಡಿ. ಅದರ ವರ್ಗದಿಂದ 2 ಕಳೆಯಿರಿ. ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಮತ್ತೆ ಅದೇ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 31 ಅಂದರೆ 2⁵ − 1 ತೆಗೆದುಕೊಳ್ಳಿ. ಮೂರು ಸಲ ಮಾಡಬೇಕು. 4ರಿಂದ 14. 14ರಿಂದ 194, ಅದರ ಶೇಷ 8. 8ರಿಂದ 62, ಅದರ ಶೇಷ ಸೊನ್ನೆ. ಆಯಿತು.

2147483647ಕ್ಕೆ ಇದನ್ನು 29 ಸಲ ಮಾಡಿದರೆ ಸಾಕು. ಇದೇ ವಿಧಾನ ಸಾವಿರಾರು ಪಟ್ಟು ದೊಡ್ಡ ಘಾತಾಂಕಗಳಿಗೂ ಕೆಲಸ ಮಾಡುತ್ತದೆ. ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಕೂಡ ಮರ್ಸೆನ್ ಸಂಖ್ಯೆಯೇ. ಅದು 2ರ ಘಾತ 136279841, ಅದರಲ್ಲಿ ಒಂದು ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ 4,10,24,320 ಅಂಕಿಗಳಿವೆ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಮತ್ತೆ ತಾನೇ ಬರುವ ಸಂಖ್ಯೆ ಪರಿಪೂರ್ಣ ಸಂಖ್ಯೆ. 6 = 1 + 2 + 3. 28 = 1 + 2 + 4 + 7 + 14.

2147483647 ತಾನೇ ಪರಿಪೂರ್ಣವಲ್ಲ. ತನ್ನನ್ನು ಬಿಟ್ಟರೆ ಅದಕ್ಕಿರುವ ಭಾಜಕ 1 ಒಂದೇ. ಆದರೆ ಅದು ಒಂದು ಪರಿಪೂರ್ಣ ಸಂಖ್ಯೆಯನ್ನು ಹುಟ್ಟಿಸುತ್ತದೆ. ಯೂಕ್ಲಿಡ್ ತೋರಿಸಿದ್ದು ಇದನ್ನೇ: ಒಂದು ಮರ್ಸೆನ್ ಅವಿಭಾಜ್ಯ ಸಿಕ್ಕರೆ, ಅದಕ್ಕೆ ಒಂದು ಸೇರಿಸಿ, ಅರ್ಧ ಮಾಡಿ, ಮೂಲ ಸಂಖ್ಯೆಯಿಂದ ಗುಣಿಸಿ. ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಇಲ್ಲಿ 2³⁰ × 2147483647 = 2305843008139952128. ಹತ್ತೊಂಬತ್ತು ಅಂಕಿಗಳ ಈ ಸಂಖ್ಯೆ ಎಂಟನೆಯ ಪರಿಪೂರ್ಣ ಸಂಖ್ಯೆ. ಸರಿಸಂಖ್ಯೆಯಾಗಿರುವ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಬರಬೇಕು, ಬೇರೆ ದಾರಿ ಇಲ್ಲ ಅಂತ ಸಾಬೀತು ಮಾಡಿದವರೂ ಆಯ್ಲರ್ ಅವರೇ. ಯೂಕ್ಲಿಡ್‌ಗೂ ಅವರಿಗೂ ನಡುವೆ ಎರಡು ಸಾವಿರ ವರ್ಷ ಕಳೆದಿದ್ದವು.

ಇನ್ನೊಂದು ಸೊಗಸು ಇದೆ. 1 + 2 + 3 ಅಂತ 2147483647ರವರೆಗೆ ಕೂಡಿಸುತ್ತಾ ಹೋಗಿ. ಬರುವ ಮೊತ್ತ ಅದೇ ಪರಿಪೂರ್ಣ ಸಂಖ್ಯೆ! ಹಾಗಾಗಿ ಅದು ತ್ರಿಭುಜ ಸಂಖ್ಯೆಯೂ ಹೌದು.

ಇದಕ್ಕೆ ಅವಳಿ ಇದೆಯೇ? ಅಕ್ಕಪಕ್ಕದ ಅವಿಭಾಜ್ಯಗಳು ಯಾವುವು?

ಅವಳಿ ಇಲ್ಲ. ಎರಡು ಕಡಿಮೆ ಮಾಡಿದರೆ 2147483645, ಕೊನೆಯಲ್ಲಿ 5 ಇದೆ. ಎರಡು ಸೇರಿಸಿದರೆ 2147483649, ಅದನ್ನು 3 ಭಾಗಿಸುತ್ತದೆ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ನಮ್ಮ ಸಂಖ್ಯೆ ಇವೆರಡರ ಸರಾಸರಿಗಿಂತ ದೊಡ್ಡದು. ಇಂಥದ್ದಕ್ಕೆ ಸ್ಟ್ರಾಂಗ್ ಪ್ರೈಮ್ ಅನ್ನುತ್ತಾರೆ. ಇದೊಂದು ಸಣ್ಣ ವಿಷಯ.

ಆದರೆ 2147483649ರ ಕಡೆ ಒಮ್ಮೆ ತಿರುಗಿ ನೋಡಲೇಬೇಕು. ಅದು 2³¹ + 1, ಅಂದರೆ 3 × 715827883. ಈ 715827883 ಕೂಡ ಅವಿಭಾಜ್ಯ. 2ರ ಬೆಸ ಘಾತಕ್ಕೆ ಒಂದು ಸೇರಿಸಿ 3ರಿಂದ ಭಾಗಿಸಿದಾಗ ಬರುವ ಇಂಥ ಅವಿಭಾಜ್ಯಗಳನ್ನು ವಾಗ್‌ಸ್ಟಾಫ್ ಅವಿಭಾಜ್ಯ ಅನ್ನುತ್ತಾರೆ. ಹೀಗೆ 2³¹ರ ಎಡಗಡೆ ಒಂದು ಮರ್ಸೆನ್ ಅವಿಭಾಜ್ಯ, ಬಲಗಡೆ ಒಂದು ವಾಗ್‌ಸ್ಟಾಫ್ ಅವಿಭಾಜ್ಯ ಕೂತಿದೆ. ಒಂದೇ ಘಾತಾಂಕಕ್ಕೆ ಎರಡೂ ಒಲಿಯುವುದು ಅಪರೂಪ.

ಇದರಿಂದಲೇ ಇನ್ನೊಂದು ಹೆಸರೂ ಸಿಗುತ್ತದೆ. ಒಂದು ಅವಿಭಾಜ್ಯಕ್ಕೆ ಎರಡು ಸೇರಿಸಿದಾಗ ಇನ್ನೊಂದು ಅವಿಭಾಜ್ಯವೋ ಅಥವಾ ಎರಡು ಅವಿಭಾಜ್ಯಗಳ ಗುಣಲಬ್ಧವೋ ಬಂದರೆ ಅದು ಚೆನ್ ಅವಿಭಾಜ್ಯ. ಚೀನಾದ ಚೆನ್ ಜಿಂಗ್ರನ್ ಅವರ ಹೆಸರು ಅದಕ್ಕಿದೆ. ಇಂಥವು ಕೊನೆಯಿಲ್ಲದಷ್ಟು ಇವೆ ಅಂತ ಸಾಬೀತು ಮಾಡಿದವರು ಅವರು. 2147483647 ಚೆನ್ ಅವಿಭಾಜ್ಯ.

ಸೋಫಿ ಜರ್ಮೇನ್ ಅವಿಭಾಜ್ಯವೂ ಹೌದೇ?

ಅಲ್ಲ. ಎರಡರಿಂದ ಗುಣಿಸಿ ಒಂದು ಸೇರಿಸಿದಾಗಲೂ ಅವಿಭಾಜ್ಯ ಬರಬೇಕಿತ್ತು. ಇಲ್ಲಿ ಬರುವುದು 4294967295, ಅದು ಅವಿಭಾಜ್ಯವಲ್ಲ.

ಆದರೆ ಆ ಸಂಖ್ಯೆಯನ್ನು ಒಡೆದು ನೋಡಿ: 3 × 5 × 17 × 257 × 65537. ಈ ಐದು ಸಂಖ್ಯೆಗಳನ್ನು ಗಣಿತ ಓದಿದವರು ತಕ್ಷಣ ಗುರುತಿಸುತ್ತಾರೆ. 2ರ ಘಾತಕ್ಕೆ ಒಂದು ಸೇರಿಸಿದಾಗ ಬರುವ ಬೆಸ ಅವಿಭಾಜ್ಯಗಳನ್ನು ಫರ್ಮಾ ಅವಿಭಾಜ್ಯ ಅನ್ನುತ್ತಾರೆ. ಇವತ್ತಿನವರೆಗೆ ಗೊತ್ತಿರುವವು ಇವೇ ಐದು. ಸ್ಕೇಲ್ ಮತ್ತು ಕೈವಾರ ಮಾತ್ರ ಬಳಸಿ ಯಾವ ಸಮಬಾಹು ಆಕೃತಿಗಳನ್ನು ಬಿಡಿಸಬಹುದು ಅನ್ನುವುದನ್ನು ಇವೇ ನಿರ್ಧರಿಸುತ್ತವೆ. 1796ರಲ್ಲಿ ಗೌಸ್ 17 ಬಾಹುಗಳ ಆಕೃತಿ ಸಾಧ್ಯ ಅಂತ ಕಂಡುಕೊಂಡಾಗ ತೆರೆದ ದಾರಿ ಇದು. ಆಗ ಅವರಿಗೆ ಇನ್ನೂ 18 ವರ್ಷ.

ಹೀಗೆ ಬಿಡಿಸಬಹುದು ಅಂತ ಗೊತ್ತಿರುವ, ಬಾಹುಗಳ ಎಣಿಕೆ ಬೆಸವಾಗಿರುವ ಆಕೃತಿಗಳಲ್ಲಿ ಅತಿ ದೊಡ್ಡದು 4294967295 ಬಾಹುಗಳದ್ದು. ಅಂದರೆ ನಮ್ಮ ಸಂಖ್ಯೆಯ ಎರಡರಷ್ಟಕ್ಕೆ ಒಂದು ಸೇರಿಸಿದ್ದು. ಕಾರಣ ಮತ್ತೆ ಆ ಒಂದುಗಳೇ. 31 ಒಂದುಗಳ ಪಕ್ಕದಲ್ಲಿ ಇನ್ನೊಂದು ಒಂದನ್ನು ಬರೆದರೆ 32 ಒಂದುಗಳಾಗುತ್ತವೆ. 32ನ್ನು ಅರ್ಧ, ಅರ್ಧದರ್ಧ ಅಂತ ಕೊನೆಯವರೆಗೂ ಹಂಚಬಹುದು. ಹಾಗಾಗಿ ಆ ಸಂಖ್ಯೆಯೂ ಹಂತ ಹಂತವಾಗಿ ಒಡೆದು ಐದು ಫರ್ಮಾ ಸಂಖ್ಯೆಗಳಾಗುತ್ತದೆ. ಒಂದೇ ಒಂದು ಅಂಕಿ ಸೇರಿದ್ದಕ್ಕೆ ಒಡೆಯದೇ ಇದ್ದದ್ದು ಇಷ್ಟು ಚೂರಾಗುತ್ತದೆ ಅನ್ನುವುದು ಪ್ರತಿ ಸಲವೂ ನನಗೆ ಬೆರಗು ಹುಟ್ಟಿಸುತ್ತದೆ.

ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಎರಡು ವರ್ಗಗಳ ಮೊತ್ತವಾಗಿ ಆಗುವುದಿಲ್ಲ. 4ರಿಂದ ಭಾಗಿಸಿದರೆ ಶೇಷ 3 ಬರುತ್ತದೆ. ಅಂಥ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗಲಾರದು. ಮೂರು ವರ್ಗಗಳೂ ಸಾಲವು. 8ರಿಂದ ಭಾಗಿಸಿದಾಗ ಶೇಷ 7 ಬಂದರೆ ಮೂರರಲ್ಲಿ ಮುಗಿಯುವುದಿಲ್ಲ. ನಾಲ್ಕು ಬೇಕು. ನಾಲ್ಕು ವರ್ಗಗಳಲ್ಲಿ ಯಾವ ಸಂಖ್ಯೆಯಾದರೂ ಆಗುತ್ತದೆ ಅಂತ ಲಗ್ರಾಂಜ್ 1770ರಲ್ಲಿ ಸಾಬೀತು ಮಾಡಿದ್ದಾರೆ. ಒಂದು ಉದಾಹರಣೆ:

46339² + 425² + 10² + 1² = 2147483647

ವ್ಯತ್ಯಾಸದ ಲೆಕ್ಕ ಸುಲಭ. 1073741824² − 1073741823² ಅಂದರೆ ಇದೇ ಸಂಖ್ಯೆ. ಇದು ಅವಿಭಾಜ್ಯವಾದ್ದರಿಂದ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಇದೊಂದೇ ದಾರಿ.

ಅಂಕಿಗಳ ಮೊತ್ತ, ಹ್ಯಾಪಿ ನಂಬರ್, ತಿರುಗಿಸಿ ಓದುವುದು ಇವೆಲ್ಲ?

ಅಂಕಿಗಳ ಮೊತ್ತ 46. ಮತ್ತೆ ಕೂಡಿಸಿದರೆ 10, ಮತ್ತೆ ಕೂಡಿಸಿದರೆ 1. ಅಂಕಿಗಳ ವರ್ಗಗಳನ್ನು ಕೂಡಿಸುತ್ತಾ ಹೋದರೆ 260, 40, 16, 37 ಅಂತ ಒಂದು ಸುಳಿಗೆ ಬೀಳುತ್ತದೆ. 1ಕ್ಕೆ ತಲುಪುವುದಿಲ್ಲ. ಹಾಗಾಗಿ ಹ್ಯಾಪಿ ನಂಬರ್ ಅಲ್ಲ. ತಿರುಗಿಸಿ ಓದಿದರೆ 7463847412, ಅದು ಸರಿ ಸಂಖ್ಯೆ. 0, 5, 9 ಇದರಲ್ಲಿ ಇಲ್ಲ. 4 ಮೂರು ಸಲ ಬಂದಿದೆ.

ಇವುಗಳಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಇವೆಲ್ಲ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದವು. ಬೇರೆ ಪದ್ಧತಿಯಲ್ಲಿ ಬರೆದರೆ ಬದಲಾಗಿಬಿಡುತ್ತವೆ. ದ್ವಿಮಾನದಲ್ಲಿ ಇದು ಎರಡೂ ಕಡೆಯಿಂದ ಒಂದೇ ಥರ ಓದಬಹುದಾದ ಸಂಖ್ಯೆ. ಹತ್ತರ ಲೆಕ್ಕದಲ್ಲಿ ಅಲ್ಲ. ಅವಿಭಾಜ್ಯ ಅನ್ನುವ ಗುಣ ಮಾತ್ರ ಹೇಗೆ ಬರೆದರೂ ಬದಲಾಗುವುದಿಲ್ಲ.

ಒಂದಕ್ಕೆ ಮಾತ್ರ ವಿನಾಯಿತಿ. ಕೊನೆಗೆ 1 ಉಳಿದದ್ದು ಕಾಕತಾಳೀಯವಲ್ಲ. ಒಂದು ಕಡಿಮೆ ಮಾಡಿದರೆ ಸಿಗುವ 2147483646 ಅನ್ನು 9 ಭಾಗಿಸುತ್ತದೆ. ಯಾಕೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಒಂದು ಕಡಿಮೆ ಮಾಡಿದರೆ ಸಿಗುವ ಸಂಖ್ಯೆ ಹೇಗಿದೆ?

ಅದು ಚೆನ್ನಾಗಿ ಒಡೆಯುತ್ತದೆ: 2147483646 = 2 × 3² × 7 × 11 × 31 × 151 × 331. ಕಾರಣ ಸರಳ. ಅದು 2 × (2³⁰ − 1). 30ನ್ನು 2, 3, 5, 6, 10, 15 ಅಂತ ಹಲವು ರೀತಿ ಹಂಚಬಹುದು. ಆದ್ದರಿಂದ 2³⁰ − 1 ಕೂಡ ಸಣ್ಣ ಸಣ್ಣ ಚೂರುಗಳಾಗುತ್ತದೆ. 6ರಿಂದ ಹಂಚಬಹುದಾದ್ದರಿಂದ 63 ಭಾಗಿಸುತ್ತದೆ, ಹಾಗಾಗಿ 9 ಕೂಡ.

ಇದರಿಂದ ಒಂದು ನಿಜವಾದ ಉಪಯೋಗವೂ ಆಯಿತು. 7ನ್ನು ಮತ್ತೆ ಮತ್ತೆ ಗುಣಿಸಿ 2147483647ರಿಂದ ಭಾಗಿಸಿ ಶೇಷ ತೆಗೆದುಕೊಳ್ಳುತ್ತಾ ಹೋದರೆ, 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದು ಸಲ ಬಂದು ಆಮೇಲೆ ಚಕ್ರ ಮರುಕಳಿಸುತ್ತದೆ. ಇಂಥ ಗುಣವಿರುವ ಅತಿ ಚಿಕ್ಕ ಸಂಖ್ಯೆ 7. ಮೇಲಿನ ಅಪವರ್ತನಗಳಲ್ಲಿ 5 ಇಲ್ಲ. ಹಾಗಾಗಿ 7⁵ = 16807ಕ್ಕೂ ಅದೇ ಗುಣವಿದೆ. 1ರಿಂದ ಶುರುಮಾಡಿದರೆ 16807, 282475249, 1622650073 ಅಂತ ಹೋಗುತ್ತದೆ. ಮುಂದೇನು ಬರುತ್ತದೆ ಅಂತ ನೋಡಿ ಹೇಳಲು ಆಗದ ಈ ಸಾಲನ್ನು ಕಂಪ್ಯೂಟರ್‌ಗಳು ಯಾದೃಚ್ಛಿಕ ಸಂಖ್ಯೆಗಳಿಗಾಗಿ ದಶಕಗಳ ಕಾಲ ಬಳಸಿವೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವಾಗಿ ಶಿಫಾರಸು ಮಾಡಿದರು. ಪಾಸ್‌ವರ್ಡ್‌ನಂಥ ಗುಟ್ಟಿನ ಕೆಲಸಕ್ಕೆ ಮಾತ್ರ ಇದನ್ನು ಬಳಸಬಾರದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನವೆಲ್ಲ ಗೊತ್ತಾದ ಹಾಗೆ.

ಪ್ರೋಗ್ರಾಂ ಬರೆಯುವವರಿಗೆ ಈ ಸಂಖ್ಯೆ ಯಾಕೆ ಪರಿಚಿತ?

ಕಂಪ್ಯೂಟರ್ 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಕೂರುವ 32 ಜಾಗಗಳಲ್ಲಿ, ಒಂದು ಪೂರ್ಣಾಂಕವನ್ನು ಇಟ್ಟುಕೊಂಡರೆ, ಅದರಲ್ಲಿ ಒಂದು ಬಿಟ್ ಧನವೋ ಋಣವೋ ಅನ್ನುವುದಕ್ಕೆ ಹೋಗುತ್ತದೆ. ಉಳಿದದ್ದು 31. ಆ 31ರಲ್ಲೂ 1 ತುಂಬಿದರೆ ಸಿಗುವ ಅತಿ ದೊಡ್ಡ ಸಂಖ್ಯೆ ಇದೇ. ಇನ್ನೊಂದು ಸೇರಿಸಿದರೆ ಸಾಮಾನ್ಯವಾಗಿ ಋಣ 2147483648ಕ್ಕೆ ಬಿದ್ದುಬಿಡುತ್ತದೆ.

ಇದು ಅವಿಭಾಜ್ಯ ಆದದ್ದು ಕಂಪ್ಯೂಟರ್ ತಯಾರಿಸಿದವರ ಉದ್ದೇಶವಲ್ಲ. 8 ಬಿಟ್‌ಗಳಲ್ಲಿ ಮಿತಿ 127, ಅದು ಅವಿಭಾಜ್ಯ. 16 ಬಿಟ್‌ಗಳಲ್ಲಿ 32767 = 7 × 31 × 151, ಅಲ್ಲ. 64 ಬಿಟ್‌ಗಳಲ್ಲಿ 9223372036854775807, ಅದನ್ನು 7 ಭಾಗಿಸುತ್ತದೆ, ಅಲ್ಲ. ಒಂದುಗಳ ಎಣಿಕೆ ನೋಡಿ: 7, 15, 31, 63. ಇದರಲ್ಲಿ 15 ಮತ್ತು 63 ಅವಿಭಾಜ್ಯವಲ್ಲ, ಹಾಗಾಗಿ ಅವುಗಳಿಗೆ ಅವಕಾಶವೇ ಇರಲಿಲ್ಲ.

2038ರ ಸಮಸ್ಯೆ ಅನ್ನುವುದು ಇದೇ ಸಂಖ್ಯೆಯಿಂದ ಬಂದದ್ದೇ?

ಹೌದು. ಅನೇಕ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಅಂತ ಎಣಿಸಿ ಸಮಯ ಹೇಳುತ್ತವೆ. ಆ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಟ್ಟಿದ್ದರೆ 2038ರ ಜನವರಿ 19ರಂದು, ಜಗತ್ತಿನ ಪ್ರಮಾಣಿತ ಸಮಯವಾದ ಯುಟಿಸಿ ಪ್ರಕಾರ 03:14:07ಕ್ಕೆ, ಅದು 2147483647 ಮುಟ್ಟುತ್ತದೆ. ಮುಂದಿನ ಸೆಕೆಂಡಿಗೆ ಅಂಥ ಗಡಿಯಾರ 1901ರ ಡಿಸೆಂಬರ್ 13ಕ್ಕೆ ಹಾರುತ್ತದೆ. 64 ಬಿಟ್‌ಗಳಿಗೆ ಬದಲಾಯಿಸಿದರೆ ಪರಿಹಾರವಾಗುತ್ತದೆ. ಹೊಸ ವ್ಯವಸ್ಥೆಗಳಲ್ಲಿ ಹೆಚ್ಚಿನವು ಬದಲಾಗಿವೆ. ಹಳೆಯ ಯಂತ್ರಗಳೊಳಗೆ ಅಡಗಿರುವ ಸಣ್ಣ ಸಾಫ್ಟ್‌ವೇರ್‌ಗಳದ್ದೇ ಚಿಂತೆ.

ಯೂಟ್ಯೂಬ್‌ನಲ್ಲಿ ಗ್ಯಾಂಗ್ನಮ್ ಸ್ಟೈಲ್ ವಿಡಿಯೋ 2014ರ ಡಿಸೆಂಬರ್‌ನಲ್ಲಿ ಈ ಎಣಿಕೆಯನ್ನು ದಾಟಿದ್ದು ಸುದ್ದಿಯಾಗಿತ್ತು. ಅಲ್ಲಿನ ವೀಕ್ಷಣೆಯ ಲೆಕ್ಕ ಈಗ 64 ಬಿಟ್‌ಗಳಲ್ಲಿದೆ.

ಒಂದು ಕಾಲದಲ್ಲಿ ಇದು ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಆಗಿತ್ತಂತೆ, ನಿಜವೇ?

ನಿಜ. ಆಯ್ಲರ್ ಸಾಬೀತು ಮಾಡಿದ ಮೇಲೆ ಹಲವು ದಶಕ ಆ ಪಟ್ಟ ಇದಕ್ಕೇ ಇತ್ತು. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಯ ಬಗ್ಗೆ ಬರೆಯುತ್ತಾ, ಇದಕ್ಕಿಂತ ದೊಡ್ಡದನ್ನು ಯಾರೂ ಕಂಡುಹಿಡಿಯುವುದಿಲ್ಲ ಅಂದರು. ಇವು ಕುತೂಹಲಕ್ಕಷ್ಟೇ, ಉಪಯೋಗವಿಲ್ಲ, ಹಾಗಾಗಿ ಯಾರೂ ಪ್ರಯತ್ನಪಡಲಾರರು ಅನ್ನುವುದು ಅವರ ವಾದ. ಕುತೂಹಲದ ಶಕ್ತಿಯನ್ನು ಅವರು ಕಡಿಮೆ ಅಂದಾಜು ಮಾಡಿದ್ದರು. 1876ರಲ್ಲಿ ಲ್ಯೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯ ಅಂತ ತೋರಿಸಿದರು. 1883ರಲ್ಲಿ ಪೆರ್ವುಶಿನ್ 2⁶¹ − 1 ಅವಿಭಾಜ್ಯ ಅಂತ ಸಾಬೀತು ಮಾಡಿದರು. ಮರ್ಸೆನ್ ಬಿಟ್ಟಿದ್ದ 61 ಅದು.

ಡಬಲ್ ಮರ್ಸೆನ್ ಅಂದರೇನು? 2ರ ಘಾತಾಂಕವಾಗಿ ಈ ಸಂಖ್ಯೆಯನ್ನೇ ಇಟ್ಟರೆ?

ನಮ್ಮ ಸಂಖ್ಯೆಯ ಘಾತಾಂಕ 31. ಅದು ತಾನೇ ಒಂದು ಮರ್ಸೆನ್ ಅವಿಭಾಜ್ಯ, 2⁵ − 1. ಇಂಥದ್ದನ್ನು ಡಬಲ್ ಮರ್ಸೆನ್ ಅನ್ನುತ್ತಾರೆ. ಅವಿಭಾಜ್ಯವಾದ ಡಬಲ್ ಮರ್ಸೆನ್ ಸಂಖ್ಯೆಗಳು ಗೊತ್ತಿರುವುದು ನಾಲ್ಕೇ: 7, 127, 2147483647 ಮತ್ತು 2¹²⁷ − 1.

ಇನ್ನೊಂದು ಮೆಟ್ಟಿಲು ಹತ್ತಿ, 2147483647 ಒಂದುಗಳನ್ನು ಸಾಲಾಗಿ ಬರೆದರೆ ಅದೂ ಅವಿಭಾಜ್ಯವೇ? ಹತ್ತರ ಲೆಕ್ಕದಲ್ಲಿ ಅದಕ್ಕೆ 64 ಕೋಟಿಗೂ ಹೆಚ್ಚು ಅಂಕಿಗಳಿವೆ. ಆದರೂ ಉತ್ತರ ಗೊತ್ತಿದೆ: ಅಲ್ಲ. 295257526626031 ಅದನ್ನು ಭಾಗಿಸುತ್ತದೆ. ಇದನ್ನು ಹುಡುಕಲು ಆಯ್ಲರ್ ಬಳಸಿದ ಮೊದಲ ಜರಡಿಯೇ ದಾರಿ ತೋರಿಸುತ್ತದೆ. ಭಾಜಕ ಏನೇ ಇದ್ದರೂ ಅದು 2147483647ರ ಎರಡರಷ್ಟರ ಮಗ್ಗಿಗಿಂತ ಒಂದು ಜಾಸ್ತಿ ಇರಲೇಬೇಕು. ಗುಣಿಸಿ ನೋಡಿ: 2 × 68745 × 2147483647 + 1 = 295257526626031.